ಹೊಟ್ಟೆಯಲ್ಲಿ ಸಂಚಿ, ಹೆಸರಲ್ಲಿ ಗೊಂದಲ

ಕಾಂಗರೂ ಎಂದೊಡನೆ ನಮಗೆ ನೆನಪಾಗುವುದು ತಾಯಿಯ ಹೊಟ್ಟೆಯ ಚೀಲದಿಂದ ಇಣುಕುವ ಮರಿ. ಇಂಥ ಪ್ರಾಣಿಗಳಿಗೆ ಇಂಗ್ಲಿಷಿನಲ್ಲಿ ಮಾರ್ಸೂಪಿಯಲ್ ಎಂದು ಹೆಸರು. ಪದದ ಮೂಲ ಲ್ಯಾಟಿನ್ನಿನ ಮಾರ್ಸೂಪಿಯಮ್. ಲ್ಯಾಟಿನ್ನಿಗೆ ಅದು ಬಂದದ್ದು ಗ್ರೀಕಿನಿಂದ. ಅರ್ಥ, ಹಣದ ಚೀಲ. ರೋಮನ್ನರ ನಾಣ್ಯದ ಚೀಲ ಹೀಗೆ ಪ್ರಾಣಿಯ ಹೊಟ್ಟೆಗೆ ಬಂದು ಅಂಟಿಕೊಂಡಿತು. ಕನ್ನಡದಲ್ಲಿ ಇವನ್ನು ಸಂಚಿಪ್ರಾಣಿ ಎಂದರೆ ಎಲೆಯಡಿಕೆ ಸಂಚಿಯನ್ನು ಕಂಡವರಿಗೆಲ್ಲ ಅರ್ಥವಾದೀತು.

ಆದರೆ ಹೆಸರನ್ನೇ ನಂಬಿಕೊಂಡು ಹೊರಟರೆ ತೊಡಕು. ಗೆದ್ದಲು ತಿಂದು ಬದುಕುವ ಆಸ್ಟ್ರೇಲಿಯದ ನಂಬ್ಯಾಟ್ ಇದೇ ಗುಂಪಿಗೆ ಸೇರಿದ್ದು. ಅದಕ್ಕೆ ನಿಜವಾದ ಚೀಲವೇ ಇಲ್ಲ. ಮೈತುಂಬ ಮುಳ್ಳಿರುವ ಎಕಿಡ್ನಾಕ್ಕೆ ಮರಿ ಮಾಡುವ ಕಾಲದಲ್ಲಿ ಚೀಲ ಮೂಡುತ್ತದೆ. ಆದರೂ ಅದು ಮೊಟ್ಟೆ ಇಡುವ ಪ್ರಾಣಿಯಾದ್ದರಿಂದ ಈ ಗುಂಪಿನದಲ್ಲ! ವಿಜ್ಞಾನಿಗಳು ಮುಖ್ಯವಾಗಿ ನೋಡುವುದು ಮರಿ ಹುಟ್ಟುವ ರೀತಿಯನ್ನು. ಕೆಂಪು ಕಾಂಗರೂವಿನ ಗರ್ಭಧಾರಣೆ ಸುಮಾರು 33 ದಿನ. ಹುಟ್ಟುವ ಮರಿ ಒಂದು ಗ್ರಾಮ್ ಕೂಡ ತೂಗದು. ಕಣ್ಣಿಲ್ಲ, ಕೂದಲಿಲ್ಲ, ಹಿಂಗಾಲು ಬರೀ ಮೊಳಕೆ. ಮುಂಗಾಲಿನಿಂದ ತಾಯಿಯ ರೋಮ ಹಿಡಿದು ಚೀಲಕ್ಕೆ ಹತ್ತಿ, ಮೊಲೆತೊಟ್ಟು ಕಚ್ಚಿಕೊಂಡರೆ ಮುಂದಿನ ಬೆಳವಣಿಗೆಯೆಲ್ಲ ಅಲ್ಲೇ. ಪೂರ್ತಿಯಾಗಿ ಹೊರಗೆ ಬರಲು ಸುಮಾರು ಎಂಟು ತಿಂಗಳು ಬೇಕು.

ಇನ್ನು ಒಂದೊಂದು ಪ್ರಾಣಿಯ ಹೆಸರಿನದು ಬೇರೆಯೇ ಕಥೆ. ಆಸ್ಟ್ರೇಲಿಯಕ್ಕೆ ಬಂದಿಳಿದ ಯುರೋಪಿಯನ್ನರು ಅಲ್ಲಿನ ಎಷ್ಟೋ ಪ್ರಾಣಿಗಳಿಗೆ ತಾವು ಬೇರೆಡೆ ಕಂಡವುಗಳ ಹೆಸರನ್ನೇ ಇಟ್ಟರು. ಅವುಗಳಲ್ಲೊಂದು ನಮ್ಮ ನೆರೆಮನೆಯದು. ಮಣ್ಣು ಕೆದಕಿ ಹುಳು ತಿನ್ನುವ ಉದ್ದ ಮೂತಿಯ ಸಂಚಿಪ್ರಾಣಿಯೊಂದಕ್ಕೆ ಅಲ್ಲಿ ಬ್ಯಾಂಡಿಕೂಟ್ ಎನ್ನುತ್ತಾರೆ. ಇದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಿಲಿ, ನಮ್ಮ ಹೆಗ್ಗಣ. (ಹಳಗನ್ನಡದಲ್ಲಿ ಹಂದಿಯೂ ಪಂದಿಯೇ.) ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಬಿದ್ದ ಪದ ಹಡಗು ಹತ್ತಿ ಅಲ್ಲಿಯವರೆಗೂ ಹೋಯಿತು. ಸೋಜಿಗವೆಂದರೆ, ವಂಶವೃಕ್ಷದಲ್ಲಿ ನಮ್ಮ ಹೆಗ್ಗಣ ಆ ಬ್ಯಾಂಡಿಕೂಟಿಗಿಂತ ಮನುಷ್ಯನಿಗೇ ಹತ್ತಿರದ ನೆಂಟ. ಅಲ್ಲಿಯದರ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದೆ. ಮಣ್ಣು ಕೆದಕುವಾಗ ಮರಿಯ ಮೇಲೆ ಬೀಳುವುದಿಲ್ಲ.

ಹೆಗ್ಗಣವೆಂದು ಕರೆಸಿಕೊಂಡ ಪ್ರಾಣಿಗೆ ಆ ಹೆಸರಿನಿಂದ ಹೆಚ್ಚು ಕೇಡಾಗಲಿಲ್ಲ. ಹುಲಿಯೆಂದು ಕರೆಸಿಕೊಂಡದ್ದರ ಪಾಡು ಬೇರೆ. ಟಾಸ್ಮೇನಿಯ ದ್ವೀಪದಲ್ಲಿ ನಾಯಿಯಂಥ ತಲೆ, ಬೆನ್ನ ಮೇಲೆ ಪಟ್ಟೆಗಳಿದ್ದ ಥೈಲಸೀನ್ ಎಂಬ ಸಂಚಿಪ್ರಾಣಿಯಿತ್ತು. ವಲಸೆ ಬಂದವರು ಅದನ್ನು ಹುಲಿ ಎಂದರು, ತೋಳ ಎಂದರು. ತೋಳವೆಂದ ಮೇಲೆ ಕುರಿ ಕದಿಯದೇ ಇದ್ದೀತೇ? ಹೆಸರೊಂದೇ ಅದನ್ನು ಕೊಂದಿತು ಎನ್ನಲಾಗದು. ಕುರಿ ಸತ್ತಾಗ ಊರನಾಯಿಗಳ ತಪ್ಪೂ ಇದರ ತಲೆಗೇ ಬಂತು. 1888ರಿಂದ 1909ರವರೆಗೆ ಅಲ್ಲಿನ ಸರ್ಕಾರ ಬೆಳೆದ ಪ್ರಾಣಿಯೊಂದಕ್ಕೆ ಒಂದು ಪೌಂಡಿನಂತೆ ಇನಾಮು ಕೊಟ್ಟಿತು. ಹೀಗೆ ಸಂದ ಇನಾಮುಗಳು ಎರಡು ಸಾವಿರಕ್ಕೂ ಹೆಚ್ಚು. ಕುರಿಯಷ್ಟು ದೊಡ್ಡ ಪ್ರಾಣಿಯನ್ನು ಹಿಡಿದು ಕೊಲ್ಲುವ ಬಲ ಅದರ ದವಡೆಗೆ ಇದ್ದಿರಲಾರದು ಎಂದು 2011ರ ಅಧ್ಯಯನವೊಂದು ಲೆಕ್ಕ ಹಾಕಿ ಹೇಳಿದೆ.

ಥೈಲಸೀನನ್ನು ಕೊಲ್ಲಬಾರದೆಂಬ ಕಾನೂನು ಬಂದದ್ದು 1936ರ ಜುಲೈ 10ರಂದು. ಹೋಬಾರ್ಟಿನ ಮೃಗಾಲಯದಲ್ಲಿದ್ದ, ನಮಗೆ ತಿಳಿದಿರುವ ಕೊನೆಯ ಥೈಲಸೀನ್ ಸತ್ತದ್ದು ಅದೇ ವರ್ಷದ ಸೆಪ್ಟೆಂಬರ್ 7ರಂದು.