ಬಾಡಿಗೆ ಕೊಡದ ಒಕ್ಕಲು

ಮನೆಗೆ ಒಕ್ಕಲು ಬರುವವರು ಮುಂಗಡ ಕೊಟ್ಟು, ಕರಾರುಪತ್ರ ಬರೆದು, ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಬರುವುದು ವಾಡಿಕೆ. ಇದಾವುದನ್ನೂ ಮಾಡದೆ, ಯಜಮಾನನ ಅಪ್ಪಣೆಯನ್ನೂ ಕೇಳದೆ, ಕಿಟಕಿಯ ಸಜ್ಜೆಯ ಕೆಳಗೋ, ಬಚ್ಚಲಮನೆಯ ಗವಾಕ್ಷಿಯಲ್ಲೋ, ವಿದ್ಯುತ್ ಮೀಟರಿನ ಪೆಟ್ಟಿಗೆಯಲ್ಲೋ ಬಿಡಾರ ಹೂಡುವ ಒಕ್ಕಲೊಂದುಂಟು. ಕಡಜ, ಕಣಜ, ಕಣಜೀರಿಗೆ ಎಂದು ನಾನಾ ಹೆಸರಿನ ಈ ಹುಳುವಿನ ಪರಿಚಯ ನಮ್ಮಲ್ಲಿ ಬಹುಮಂದಿಗೆ ಆಗುವುದು ಅದರ ಮುಳ್ಳಿನ ಮೂಲಕವೇ. ಆಮೇಲೆ ಕೇಳಬೇಕೆ? ಒಬ್ಬರು ಪೊರಕೆಗಾಗಿ ಓಡುತ್ತಾರೆ, ಇನ್ನೊಬ್ಬರು ಬೆಂಕಿಪೆಟ್ಟಿಗೆಗಾಗಿ. ಆದರೆ ಯುದ್ಧ ಸಾರುವ ಮೊದಲು ಎದುರಾಳಿ ಯಾರೆಂಬುದನ್ನು ಅರಿಯುವುದು ರಾಜನೀತಿಯಲ್ಲವೆ?

ಅಮೆರಿಕ, ಯೂರೋಪುಗಳಲ್ಲಿ ನೆಲದ ಬಿಲಗಳಲ್ಲಿಯೂ ಗೋಡೆಯ ಟೊಳ್ಳುಗಳಲ್ಲಿಯೂ ಗೂಡು ಮಾಡಿ ಮನೆಯವರನ್ನು ಕಾಡುವ ಹಳದಿ ಪಟ್ಟೆಯ ಕಡಜಗಳು ನಮ್ಮ ಬಯಲುಸೀಮೆಯವಲ್ಲ. ಇಲ್ಲಿ ನಮ್ಮ ಮನೆಗಳ ಸುತ್ತ ಕಾಣುವವುಗಳನ್ನು ಸ್ಥೂಲವಾಗಿ ಮೂರು ಪಂಗಡ ಮಾಡಬಹುದು.

ಮೊದಲನೆಯದು ಮಣ್ಣಿನ ಗೂಡು ಕಟ್ಟುವ ಒಂಟಿ ಕಡಜ. ಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ ಹಸಿಮಣ್ಣು ಮೆತ್ತಿ ಕೋಣೆ ಕಟ್ಟುತ್ತದೆ. ತನ್ನ ಜಾತಿಗೆ ತಕ್ಕಂತೆ ಕಂಬಳಿಹುಳುವನ್ನೋ ಜೇಡವನ್ನೋ ಚುಚ್ಚಿ, ಕೊಲ್ಲದೆ ಜಡವಾಗಿಸಿ ಒಳಗಿಟ್ಟು, ಮೊಟ್ಟೆಯಿಟ್ಟು, ಬಾಯಿ ಮುಚ್ಚುತ್ತದೆ. ಹುಟ್ಟಲಿರುವ ಮರಿಗೆ ಅದೇ ಬುತ್ತಿ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ರೆಕ್ಕೆಯ ಕಡಜ! ಇದನ್ನು ಕಂಡ ನಮ್ಮ ಹಿರಿಯರು, ಭ್ರಮರವನ್ನೇ ಧ್ಯಾನಿಸಿದ ಕೀಟ ಭ್ರಮರವಾಯಿತೆಂದು ಬಗೆದು, ವೇದಾಂತಕ್ಕೆ 'ಭ್ರಮರಕೀಟ ನ್ಯಾಯ'ವನ್ನು ಕೊಟ್ಟರು. ಪಾಪದ ಕೀಟದ ಪಾಲಿಗೆ ಒದಗಿದ್ದು ಸಾಯುಜ್ಯವಲ್ಲ, ಸಾವು. ಆದರೂ ಉಪಮೆ ಉಳಿದುಕೊಂಡಿತು. ಈ ಕಡಜಕ್ಕೆ ಅಂಜಬೇಕಾದುದಿಲ್ಲ. ಗೂಡಿನ ಮುಂದೆ ಅದು ಕಾವಲು ನಿಲ್ಲುವುದಿಲ್ಲ. ಹಿಡಿದು ಹಿಸುಕಿದರಲ್ಲದೆ ಕುಟುಕುವುದು ಅಪರೂಪ. ಮಣ್ಣನ್ನು ಕೆರೆದು ತೆಗೆದರೆ ಕೆಲಸ ಮುಗಿಯಿತು.

ಎರಡನೆಯದು ಕಾಗದದ ಗೂಡಿನ ಕಡಜ. ಮರದ ನಾರನ್ನು ಕೆರೆದು, ಜೊಲ್ಲಿನೊಡನೆ ಅಗಿದು, ಸಣ್ಣ ತೊಟ್ಟಿನಿಂದ ಜೋತುಬಿದ್ದ ಷಟ್ಕೋನದ ಕೋಣೆಗಳನ್ನು ಇದು ನಿರ್ಮಿಸುತ್ತದೆ. ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲದಲ್ಲಿ, 1719ರಲ್ಲಿ, ಫ್ರಾನ್ಸಿನ ವಿಜ್ಞಾನಿ ರೆಯೋಮೂರ್ ಈ ಗೂಡನ್ನು ತೋರಿಸಿ, ಮರದಿಂದಲೂ ಕಾಗದ ಮಾಡಬಹುದೆಂದು ಸೂಚಿಸಿದನು. ಇಂದು ನಮ್ಮ ಪತ್ರಿಕೆ, ಪುಸ್ತಕಗಳಿಗೆಲ್ಲ ಮರವೇ ಆಧಾರ!

ಈ ಪಂಗಡದ 'ರೊಪಾಲಿಡಿಯಾ ಮಾರ್ಜಿನೇಟ' ಎಂಬ ಕೆಂಗಂದು ಕಡಜ ನಮ್ಮ ಬೆಂಗಳೂರಿನಿಂದಲೇ ಲೋಕಪ್ರಸಿದ್ಧವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಇದರ ಸಂಸಾರವನ್ನು ಅಭ್ಯಸಿಸಿ ಬರೆದ ಗ್ರಂಥವನ್ನು 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಕಾಶನ ಹೊರತಂದಿತು. ಇಲ್ಲಿನ ರಾಣಿ ಆಕಾರದಲ್ಲಿ ದಾಸಿಯರಿಗಿಂತ ಬೇರೆಯಲ್ಲ, ದರ್ಪವೂ ಇಲ್ಲ. ಆಕೆಯನ್ನು ಗೂಡಿನಿಂದ ತೆಗೆದರೆ ಮಾತ್ರ ಕೆಲಸಗಾರ್ತಿಯರಲ್ಲಿ ಒಬ್ಬಳು ಒಡನೆಯೇ ಉಗ್ರಳಾಗಿ ಉಳಿದವರ ಮೇಲೆ ಎಗರಾಡತೊಡಗುತ್ತಾಳೆ. ಕೆಲವು ದಿನಗಳಲ್ಲಿ ಆಕೆಯೇ ರಾಣಿಯಾಗಿ, ಮತ್ತೆ ಸಾಧುವಾಗುತ್ತಾಳೆ. ಅಧಿಕಾರ ಸಿಕ್ಕಿದ ಮೇಲೆ ಸಾಧುವಾಗುವ ಗುಣವನ್ನು ಮನುಷ್ಯರು ಕಲಿಯಬೇಕಾದುದು ಇವುಗಳಿಂದಲೇ ಏನೋ!

ಮೂರನೆಯದು ಹೆಗ್ಗಡಜ. ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಪಟ್ಟಿ. ಮರದಲ್ಲಿ, ಪೊಟರೆಯಲ್ಲಿ, ಕೆಲವೊಮ್ಮೆ ನೆಲದಲ್ಲಿ ಇದರ ವಾಸ. ಗೂಡಿನ ಸುತ್ತ ಕಾಗದದ ಹೊದಿಕೆ. ಇದು ಸಣ್ಣ ಕಡಜಗಳ ಗೂಡಿಗೂ ದಾಳಿಯಿಟ್ಟು ಮರಿಗಳನ್ನು ಕದ್ದೊಯ್ಯುತ್ತದೆ. ನಿಜವಾದ ಅಪಾಯವೆಂದರೆ ಇದೇ. ಹಲವು ಹೆಗ್ಗಡಜಗಳು ಒಟ್ಟಿಗೆ ಕುಟುಕಿದರೆ ಮೂತ್ರಪಿಂಡಗಳು ಕೆಡುವುದೂ ಉಂಟು, ಪ್ರಾಣವೇ ಹೋಗುವುದೂ ಉಂಟು.

ಕುಟುಕುವುದು ಹೆಣ್ಣು ಮಾತ್ರ. ಮೊಟ್ಟೆಯಿಡುವ ಅಂಗವೇ ಮುಳ್ಳಾಗಿ ಮಾರ್ಪಟ್ಟಿದೆ. ಜೇನ್ನೊಣದ ಮುಳ್ಳು ಕೊಕ್ಕೆಗಳಿಂದಾಗಿ ನಮ್ಮ ಚರ್ಮದಲ್ಲೇ ಉಳಿದು ನೊಣವೇ ಸಾಯುತ್ತದೆ. ಕಡಜದ ಮುಳ್ಳು ಹಾಗಲ್ಲ. ಒಂದೇ ಕಡಜ ಹಲವು ಬಾರಿ ಚುಚ್ಚಬಲ್ಲದು. ಹೆಗ್ಗಡಜವನ್ನು ಗೂಡಿನ ಬಳಿ ಜಜ್ಜಿದರಂತೂ ಅದರ ವಿಷದ ವಾಸನೆಯೇ ಉಳಿದವುಗಳಿಗೆ ರಣಕಹಳೆ.

ನಮ್ಮ ನೆರೆಮನೆಯ ರಾಯರು ಒಂದು ಸಂಜೆ ಬಂದು, "ಮೇಷ್ಟ್ರೇ, ಕಿಟಕಿಯ ಮೇಲೆ ತಟ್ಟೆಯಗಲ ಗೂಡು ಕಟ್ಟಿವೆ. ಈ ರಾತ್ರಿ ಪಂಜು ಹಚ್ಚಿ ಸುಟ್ಟುಬಿಡುತ್ತೇನೆ" ಎಂದರು.

"ಕಡಜ ಹೋಗುವುದೋ ಇಲ್ಲವೋ, ಕಿಟಕಿಯಂತೂ ಹೋಗುತ್ತದೆ ರಾಯರೇ. ಹುಳುಗಳು ಅವುಗಳ ಪಾಡಿಗೆ ಇದ್ದರೆ ಬಿಟ್ಟುಬಿಡಬಾರದೆ?" ಎಂದೆ.

ರಾಯರ ದನಿ ತಗ್ಗಿತು. "ಬಿಡಬಹುದಿತ್ತು. ಆದರೆ ಹೋದ ವರ್ಷ ಒಂದೇ ಕಡಜ ಕುಟುಕಿ ನಮ್ಮ ಮನೆಯಾಕೆಗೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಆಸ್ಪತ್ರೆ ಹತ್ತಿರವಿದ್ದುದರಿಂದ ಬದುಕಿದಳು."

ಇಂಥ ಮನೆಯಲ್ಲಿ ದಯೆಯ ಉಪದೇಶ ಸಲ್ಲದು. ಗೂಡು ಹೋಗಲೇಬೇಕು, ಆದರೆ ಪಂಜಿನಿಂದಲ್ಲ. ಮರುದಿನವೇ ಅನುಭವಸ್ಥರನ್ನು ಕರೆಸಿದರು. ಅವರು ಮೈತುಂಬ ಕವಚ ತೊಟ್ಟು, ಕತ್ತಲಾಗಿ ಹುಳುಗಳೆಲ್ಲ ಗೂಡು ಸೇರಿದ ಮೇಲೆ ಬಂದು ಕಾಲುಗಂಟೆಯಲ್ಲಿ ಕೆಲಸ ಮುಗಿಸಿದರು. ಅಂದು ರಾಯರ ಮನೆಯವರು ತವರಿನಲ್ಲಿದ್ದರು.

ಎಲ್ಲ ಗೂಡಿಗೂ ಇಷ್ಟು ಸಿದ್ಧತೆ ಬೇಡ. ಹೊಸದಾಗಿ ಆರಂಭವಾದ, ಒಂದೆರಡು ಹುಳುಗಳಷ್ಟೇ ಇರುವ ಗೂಡಾದರೆ, ಅವು ಹೊರಗೆ ಹೋದಾಗ ಉದ್ದನೆಯ ಕೋಲಿನಿಂದ ತೊಟ್ಟನ್ನು ಮುರಿದು ದೂರ ಸರಿದುಬಿಡಿ. ಮತ್ತೆ ಕಟ್ಟತೊಡಗಿದರೆ ಮತ್ತೆ ತೆಗೆಯಿರಿ. ಹುಳುಗಳು ತುಂಬಿದ ಗೂಡಿಗೂ ಹೆಗ್ಗಡಜದ ಯಾವ ಗೂಡಿಗೂ ಮನೆಯವರು ಕೈ ಹಾಕತಕ್ಕದ್ದಲ್ಲ. ಏಣಿಯ ಮೇಲೆ ನಿಂತಂತೂ ಕೂಡದು. ಕಡಜಕ್ಕಿಂತ ಬಿದ್ದ ಪೆಟ್ಟೇ ದೊಡ್ಡದಾದೀತು. ಗೋಡೆಯ ಸಂದಿನೊಳಗೆ ಗೂಡಿದ್ದರೆ, ಹುಳುಗಳು ಒಳಗಿರುವಾಗಲೇ ಗಾರೆ ಮೆತ್ತಿ ಮುಚ್ಚಬೇಡಿ. ಅವು ಬೇರೊಂದು ದಾರಿ ಹುಡುಕಿ ಕೋಣೆಯೊಳಗೇ ಬಂದಾವು. ಮಕ್ಕಳಿಗೆ ಕಲ್ಲೆಸೆಯಬಾರದೆಂದು ಕಲಿಸಿರಿ. ಹಣ್ಣಿನ ರಸ, ಬೆಲ್ಲಗಳನ್ನು ಮುಚ್ಚಿಡಿರಿ.

ಕುಟುಕಿಸಿಕೊಂಡವರು ಮೊದಲು ಗೂಡಿನಿಂದ ದೂರ ಹೋಗಬೇಕು. ಬಳಿಕ ಸಾಬೂನು ನೀರಿನಲ್ಲಿ ತೊಳೆದು ತಣ್ಣೀರಿನ ಬಟ್ಟೆಯನ್ನೋ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಇಡಬೇಕು. ಕೈಗೆ ಕುಟುಕಿದ್ದರೆ ಊದುವ ಮೊದಲೇ ಉಂಗುರ, ಬಳೆಗಳನ್ನು ತೆಗೆಯಬೇಕು. ಸುಣ್ಣ ಹಚ್ಚುವ ಪದ್ಧತಿ ನಮ್ಮ ಅಜ್ಜಿಯರದು. ಆದರೆ ವಿಷ ಚರ್ಮದ ಕೆಳಗೆ ಇಳಿದಿರುತ್ತದೆ, ಮೇಲಿನ ಸುಣ್ಣ ಅದನ್ನು ಮುಟ್ಟುವುದಿಲ್ಲ. ಸುಣ್ಣದಿಂದ ಚರ್ಮ ಬೆಂದೀತು, ಅಷ್ಟೆ. ನಾಲಿಗೆ, ಮುಖ ಊದಿದರೆ, ಮೈಯೆಲ್ಲ ದದ್ದೆದ್ದರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣ ಉಳಿಸುತ್ತದೆ. ಬಾಯಿಯ ಒಳಗೆ ಕುಟುಕಿದರೂ, ಮೈಯ ಹಲವೆಡೆ ಕುಟುಕಿದರೂ ಇದೇ ಮಾತು.

ಇನ್ನು ತೋಟದ ಮೂಲೆಯಲ್ಲಿ, ಯಾರ ತಲೆಯೂ ತಾಗದ ಎತ್ತರದಲ್ಲಿ, ಅಂಗೈಯಗಲದ ಕಾಗದದ ಗೂಡೊಂದು ಇದೆಯೆನ್ನಿ. ಮನೆಯಲ್ಲಿ ಯಾರಿಗೂ ಅದರ ವಿಷ ಒಗ್ಗದ ಪ್ರಕೃತಿಯಿಲ್ಲವೆನ್ನಿ. ಆಗ ಬಿಟ್ಟುಬಿಡುವುದೇ ಲೇಸು. ತನ್ನ ಮರಿಗಳಿಗಾಗಿ ಕಡಜ ದಿನವೆಲ್ಲ ಹೊತ್ತೊಯ್ಯುವುದು ನಿಮ್ಮ ಗಿಡಗಳ ಎಲೆ ತಿನ್ನುವ ಹುಳುಗಳನ್ನೇ. ಬಾಡಿಗೆ ಕೊಡದ ಒಕ್ಕಲೆಂದು ಹಳಿದೆವು. ಲೆಕ್ಕ ಹಾಕಿ ನೋಡಿದರೆ ಬಾಕಿ ಅಷ್ಟೇನೂ ಉಳಿದಿರಲಾರದು.