ಪಗಾರವೂ ಸ್ಯಾಲರಿಯೂ

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹಾದಿಯಲ್ಲಿ ಯರಗಟ್ಟಿ ಇದೆ. ಬಹುಕಾಲ ಸವದತ್ತಿ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಸುತ್ತಲೂ ಜೋಳ, ಕಡಲೆ, ಹತ್ತಿ ಬೆಳೆಯುವ ಎರೆ ಭೂಮಿ. ಮಳೆಯನ್ನು ನಂಬಿದ ಇಂಥ ಸೀಮೆಯ ಪದವೀಧರರಿಗೆ ಬ್ಯಾಂಕಿನ ನೌಕರಿಯೆಂದರೆ ಇಡೀ ಮನೆತನಕ್ಕೆ ದೊರೆತ ಆಸರೆ. ಆದರೆ ಆ ಬಾಗಿಲಲ್ಲಿ ಇಂಗ್ಲಿಷು ಕಾವಲು ನಿಂತಿದೆ.

ಸರಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯವು 2021ರಲ್ಲಿ ಶಿಫಾರಸು ಮಾಡಿತು. ಅದರಿಂದ ಭಾರ ಹಗುರಾಯಿತು ನಿಜ. ಇಂಗ್ಲಿಷು ಮಾತ್ರ ಹೋಗಲಿಲ್ಲ. ಪೂರ್ವಭಾವಿ ಪರೀಕ್ಷೆಯಲ್ಲಿ ಅದಕ್ಕೆ 30 ಪ್ರಶ್ನೆಗಳು, 20 ನಿಮಿಷ. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಡಿತ. ಊಹೆಯನ್ನೇ ನಂಬಿದವನಿಗೆ ಇಲ್ಲಿ ದಂಡ ತಪ್ಪದು.

ಆದುದರಿಂದ ತರುಣರು ಶಬ್ದಗಳ ಉದ್ದನೆಯ ಪಟ್ಟಿಗಳನ್ನು ಉರುಹೊಡೆಯುತ್ತಾರೆ. ಬೆಳಿಗ್ಗೆ ಕಲಿತದ್ದು ಸಂಜೆಗೆ ಮರೆತುಹೋಗುತ್ತದೆ. ಬೇರಿಲ್ಲದ ಸಸಿ ನಿಲ್ಲುವುದಾದರೂ ಹೇಗೆ? ಬೇರು ಮನೆಯಲ್ಲಿಯೇ ಇದೆಯಲ್ಲ! ಅಸಲು, ಬಡ್ಡಿ, ಜಮಾ, ಖರ್ಚು, ಜಾಮೀನು, ಪಗಾರ: ಇವುಗಳ ಅರ್ಥವನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇವು ಮೂಲತಃ ಕನ್ನಡದವಲ್ಲ. ‘ಬಡ್ಡಿ’ ಸಂಸ್ಕೃತದ ವೃದ್ಧಿಯಿಂದ ಬಂದಿತು, ‘ಅಸಲು’, ‘ಜಾಮೀನು’ ಅರಬ್ಬಿಯಿಂದ, ‘ಪಗಾರ’ ಪೋರ್ತುಗೀಸಿನಿಂದ. ವ್ಯವಹಾರದೊಡನೆ ಬಂದುದರಿಂದಲೇ ಅವು ನಮ್ಮವಾದವು. ಇಂಗ್ಲಿಷ್ ಶಬ್ದಗಳೂ ಅದೇ ದಾರಿಯಿಂದ ಒಳಗೆ ಬರಲಿ.

ಮನೆಯ ಸಾಲದ ಪತ್ರವನ್ನೇ ಎದುರಿಗಿಟ್ಟುಕೊಳ್ಳಿರಿ. ಐವತ್ತು ಸಾವಿರ ಅಸಲು ‘ಪ್ರಿನ್ಸಿಪಾಲ್’. ಶೇಕಡಾ 7ರಂತೆ ವರ್ಷಕ್ಕೆ ಬರುವ 3,500 ರೂಪಾಯಿ ‘ಇಂಟರೆಸ್ಟ್’. ಒತ್ತೆಯಿಟ್ಟ ಆಸ್ತಿ ‘ಕೊಲ್ಯಾಟರಲ್’. ಜಾಮೀನು ನಿಂತ ಸೋದರಮಾವ ‘ಗ್ಯಾರಂಟರ್’. ಕೆಲವು ಶಬ್ದಗಳಿಗೆ ಎರಡು ಮುಖ. ಪರೀಕ್ಷಕನ ಕಣ್ಣೂ ಅವುಗಳ ಮೇಲೆಯೇ. ಕಾಲೇಜಿನಲ್ಲಿ ‘ಪ್ರಿನ್ಸಿಪಾಲ್’ ಮುಖ್ಯಾಧ್ಯಾಪಕರು. ಮಾತಿನಲ್ಲಿ ‘ಇಂಟರೆಸ್ಟ್’ ಆಸಕ್ತಿ. ಹೊಲದಲ್ಲಿ ಇಳುವರಿಯಾದ ‘ಯೀಲ್ಡ್’, ಹೂಡಿದ ಹಣದ ಮಟ್ಟಿಗೆ ಪ್ರತಿಫಲ.

ಉದ್ಯೋಗದ ಮಾತುಗಳನ್ನು ಜೋಡಿಸಿ ಕಲಿಯುವುದು ಲೇಸು. ತಾನಾಗಿ ಕೆಲಸ ಬಿಟ್ಟರೆ ‘ರೆಸಿಗ್ನೇಶನ್’, ವಯಸ್ಸು ತುಂಬಿ ಬಿಟ್ಟರೆ ‘ರಿಟೈರ್‌ಮೆಂಟ್’, ಹೆಚ್ಚಾದರೆಂದು ಒಡೆಯನೇ ತೆಗೆದರೆ ‘ರಿಟ್ರೆಂಚ್‌ಮೆಂಟ್’. ಮೂರಕ್ಕೂ ಫಲ ಮನೆಗೆ ಮರಳುವುದೇ. ಕಾರಣ ಮಾತ್ರ ಬೇರೆ. ಊರಿನ ಬ್ಯಾಂಕಿನ ಹೆಸರಿನ ಫಲಕವೂ ಪಾಠ ಹೇಳೀತು. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಡನೆ ಒಂದಾಯಿತು. ‘ಅಮಾಲ್ಗಮೇಶನ್’ ಎಂಬ ಕಠಿಣ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಇನ್ನೊಂದು ಮಾತು. ಗುಮಾಸ್ತನಾಗುವವನಿಗೆ ತಾನು ಅರ್ಜಿ ಹಾಕಿದ ರಾಜ್ಯದ ಭಾಷೆಯೂ ಬರಬೇಕೆಂಬ ನಿಯಮವಿದೆ. ನೌಕರಿ ದೊರೆತ ಮೇಲೆ, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದವೊಂದನ್ನು ಹಿಡಿದು ವೃದ್ಧ ರೈತನು ಕಿಟಕಿಯ ಮುಂದೆ ನಿಲ್ಲುತ್ತಾನೆ. “ಇದರಾಗ ಏನ್ ಬರದೈತಿ, ತಮ್ಮಾ?” ಎಂದು ಕೇಳುತ್ತಾನೆ. ರುಜು ಅವನದು, ಹೊಲವೂ ಅವನದು. ‘ಕೊಲ್ಯಾಟರಲ್’ ಎಂದರೇನೆಂದು ಅವನಿಗೆ ತಿಳಿಯುವಂತೆ ಹೇಳಬಲ್ಲವನೇ ಆ ಶಬ್ದವನ್ನು ನಿಜವಾಗಿ ಕಲಿತವನು.