ತರಕಾರಿ ಹೆಚ್ಚುವಾಗ ದೀಪ ಆರುವುದೇಕೆ?

ಪ್ರಶ್ನೆ: ಅಡುಗೆಮನೆಗೆ ಸೆನ್ಸರ್ ದೀಪ ಹಾಕಿಸಿದ್ದೇವೆ. ತರಕಾರಿ ಹೆಚ್ಚುತ್ತಿದ್ದಾಗಲೇ ಆರಿಹೋಗುತ್ತದೆ. ಏಕೆ?

ಉತ್ತರ: ಸಾಮಾನ್ಯ ಪಿಐಆರ್ ಸೆನ್ಸರ್‌ಗೆ ತಿಳಿಯುವುದು ಮೈಯಿಂದ ಹೊಮ್ಮುವ ಅವಕೆಂಪು ಕಿರಣದ ಏರಿಳಿತ ಮಾತ್ರ. ನೀವು ಅತ್ತಿತ್ತ ಸರಿದರೆ ಸರಿ. ಈಳಿಗೆಮಣೆಯ ಮುಂದಿನ ಬೆರಳಾಟ ಅದಕ್ಕೆ ಲೆಕ್ಕಕ್ಕಿಲ್ಲ. ಕಲಬುರಗಿಯ ಬೇಸಿಗೆಯಲ್ಲಂತೂ ಗೋಡೆಯೂ ಮೈಯಷ್ಟೇ ಬಿಸಿಯಾಗಿ ಸೆನ್ಸರ್ ಇನ್ನಷ್ಟು ಮಂಕಾಗುತ್ತದೆ. ಉಸಿರಾಟದ ಅಲುಗಾಟವನ್ನೂ ಹಿಡಿಯುವ ರೇಡಾರ್ ಸೆನ್ಸರ್ ಇದೆ, ನಿಜ; ಆದರೆ ತಿರುಗುವ ಫ್ಯಾನನ್ನೂ ಅದು ಮನುಷ್ಯನೆಂದುಕೊಂಡೀತು. ನನ್ನ ಮತ ಅಗ್ಗದ ದಾರಿಗೆ: ದೀಪ ಆರುವ ಅವಧಿಯನ್ನು 15 ನಿಮಿಷಕ್ಕೆ ಏರಿಸಿ. ಕರೆಂಟು ದಂಡವಲ್ಲವೇ ಎನ್ನಬಹುದು. 9 ವಾಟ್‌ನ ಎಲ್‌ಇಡಿ ದಿನಕ್ಕೆ ಹತ್ತು ಸಲ ಹೀಗೆ ಹೆಚ್ಚುವರಿಯಾಗಿ ಉರಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ಮುಟ್ಟದು. ಸೆನ್ಸರನ್ನು ಒಲೆಗೆ ಎದುರಾಗಿ ಮಾತ್ರ ಕೂರಿಸಬೇಡಿ.